ಈಳಿಗೆಮಣೆಯ ಮುಂದೆ ಮೀಸೆ

2024ರ ಜೂನ್ ತಿಂಗಳಲ್ಲಿ ಕೇರಳದ ಮೂರನೇ ತರಗತಿಯ ಪಠ್ಯಪುಸ್ತಕದ ಒಂದು ಪುಟ ದೇಶವೆಲ್ಲ ಸುತ್ತಾಡಿ ಕೊನೆಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೂ ಬಂದು ಬಿತ್ತು. ಅಡುಗೆಮನೆಯ ಚಿತ್ರ. ಅದರಲ್ಲಿ ಅಪ್ಪ ಕೂತು ತೆಂಗಿನಕಾಯಿ ತುರಿಯುತ್ತಿದ್ದಾನೆ. ಅಷ್ಟೇ. ನಮ್ಮ ಭಾವ "ಕಾಯಿ ತುರಿಯೋದನ್ನೂ ಸರ್ಕಾರವೇ ಹೇಳಿಕೊಡಬೇಕಾ?" ಎಂದು ಬರೆದರು. ಅಕ್ಕ ಹೆಬ್ಬೆರಳು ಒತ್ತಿದಳು, ಯಾರ ಪರವಾಗಿ ಎಂದು ತಿಳಿಯಲಿಲ್ಲ. ಬೆಂಗಳೂರಿನಲ್ಲಿರುವ ತಮ್ಮನ ಮಗ "ನಮ್ಮನೇಲಿ ತುರಿದಿದ್ದೇ ಪ್ಯಾಕೆಟ್ಟಲ್ಲಿ ಬರುತ್ತೆ, ಜಗಳವೇ ಇಲ್ಲ" ಎಂದ. ನಾನು ಏನೂ ಬರೆಯಲಿಲ್ಲ. ನನಗೆ ಇನ್ನೊಂದು ಕಾಯಿ ತುರಿಯುವ ಚಿತ್ರ, ಇನ್ನೊಬ್ಬ ಅಪ್ಪ ನೆನಪಾಗಿದ್ದರು. ಆ ಅಪ್ಪನ ಮೀಸೆಯನ್ನು ಬರೆದವರು ನಮ್ಮ ದೊಡ್ಡ ಮಿಸ್. ಮೀಸೆ ಬರೆಯುವ ಮುಂಚೆ ಆ ಅಪ್ಪ ಅಮ್ಮನಾಗಿದ್ದ.

ಟಿಸಿಎಚ್ ಮುಗಿಸಿ ಸರ್ಕಾರಿ ಆರ್ಡರಿಗೆ ಕಾಯುತ್ತಿದ್ದ ಕಾಲ ಅದು, ತೊಂಬತ್ತರ ದಶಕದ ಶುರು. ಹಾಸನದ ಕಡೆಯ ಒಂದು ತಾಲ್ಲೂಕು ಊರಿನಲ್ಲಿ ಮಹಿಳಾ ಸಮಾಜದವರು ನಡೆಸುತ್ತಿದ್ದ ಶಿಶುವಿಹಾರಕ್ಕೆ ಸೇರಿಕೊಂಡಿದ್ದೆ. ಸಂಬಳ ಎಂದು ಕೊಡುತ್ತಿದ್ದುದು ಬಸ್ ಚಾರ್ಜು ಕಳೆದು ವರ್ಷಕ್ಕೆರಡು ಸೀರೆಗೆ ಆಗುವಷ್ಟು. ಹೆಂಚಿನ ಕಟ್ಟಡ, ಮುಂದೆ ಸಂಪಿಗೆ ಮರ, ಹಿಂದೆ ತುಕ್ಕು ಹಿಡಿದ ಜಾರುಬಂಡಿ. ಇದ್ದ ಒಂದೇ ಹಾಲಿಗೆ ನಡುವೆ ಬಿದಿರಿನ ತಟ್ಟಿ ಅಡ್ಡ ನಿಲ್ಲಿಸಿ ಎರಡು ಕ್ಲಾಸು ಮಾಡಿದ್ದರು. ಮೂರು ವರ್ಷದವು ಆ ಕಡೆ, ನಾಲ್ಕು-ಐದರವು ನನ್ನ ಕಡೆ. ಊರಿಗೆ ಇನ್ನೂ ಕಾನ್ವೆಂಟು ಬಂದಿರಲಿಲ್ಲ. ಹಾಗಾಗಿ ತಹಸೀಲ್ದಾರರ ಮಗ, ಬಸ್ ಸ್ಟ್ಯಾಂಡಿನ ಹೋಟೆಲಿನವರ ಮಗಳು, ಟೈಲರ್ ಸಾಹೇಬರ ಅವಳಿ ಹುಡುಗರು, ನಮ್ಮ ಆಯಮ್ಮನ ಮೊಮ್ಮಗ ಎಲ್ಲರೂ ಒಂದೇ ಜಮಖಾನದ ಮೇಲೆ ಕೂರುತ್ತಿದ್ದರು. ಆಮೇಲೆ ಅಂಥ ಜಮಖಾನ ನನಗೆ ಎಲ್ಲೂ ಸಿಕ್ಕಲಿಲ್ಲ. ಈಗ ಅದೇ ಊರಿನಲ್ಲಿ ಒಂದೊಂದು ಥರದ ಮಕ್ಕಳಿಗೆ ಒಂದೊಂದು ಬಣ್ಣದ ವ್ಯಾನು.

ದೊಡ್ಡ ಮಿಸ್ ಐವತ್ತರ ಹತ್ತಿರದವರು. ಕಂಜಿ ಹಾಕಿದ ವಾಯಿಲ್ ಸೀರೆ, ದಾರ ಕಟ್ಟಿ ಕತ್ತಿಗೆ ಇಳಿಬಿಟ್ಟ ಕನ್ನಡಕ. ಡ್ರಾಯರಿನಲ್ಲಿ ಲಂಕೇಶ್ ಪತ್ರಿಕೆ, ಸಮಾಜದ ಅಧ್ಯಕ್ಷೆಯವರು ಬಂದಾಗ ಕಾಣಲಿ ಎಂದು ಅದರ ಮೇಲೊಂದು 'ಸುಧಾ'. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ, ಹೆಣ್ಣು-ಗಂಡಿನ ಸಮಾನತೆ ಪಠ್ಯಪುಸ್ತಕದಿಂದಲೇ ಶುರುವಾಗಬೇಕು ಎಂದು ಅದರಲ್ಲಿ ಹೇಳಿದ್ದನ್ನು ಯಾವುದೋ ತರಬೇತಿಯಲ್ಲಿ ಕೇಳಿ ಬಂದಿದ್ದರು. ಬಹುತೇಕ ಜನ ತರಬೇತಿಯಿಂದ ಫೈಲು, ಪೆನ್ನು ತರುತ್ತಾರೆ. ಇವರು ಆ ಮಾತನ್ನು ತಂದರು. ಹೊಸ ಪುಸ್ತಕ ಕೊಳ್ಳಲು ಸಮಾಜದಲ್ಲಿ ದುಡ್ಡಿರಲಿಲ್ಲ. ಆದ್ದರಿಂದ ಇದ್ದ ಪುಸ್ತಕಗಳನ್ನೇ ರಿಪೇರಿ ಮಾಡುವುದೆಂದು ನಿಶ್ಚಯಿಸಿದ್ದರು.

ನಮ್ಮ ಗ್ರಂಥಾಲಯ ಎಂದರೆ ಒಂದು ತಗಡಿನ ಟ್ರಂಕು. ಅದರೊಳಗೆ ಯಾರೋ ಪುಣ್ಯಾತ್ಮರು ಬೈಂಡ್ ಮಾಡಿಸಿ ಕೊಟ್ಟ ಚಂದಮಾಮಗಳಿದ್ದವು. ಅಮರ ಚಿತ್ರ ಕಥೆಗಳಿದ್ದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಮುಂಬಯಿಯಿಂದ ಶುರು ಮಾಡಿದ ಮಾಲೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ತೆಳ್ಳನೆಯವು ಕೆಲವು, ವ್ಯಂಗ್ಯಚಿತ್ರಕಾರ ಶಂಕರ್ 1957ರಲ್ಲಿ ದಿಲ್ಲಿಯಲ್ಲಿ ಕಟ್ಟಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟಿನವು ನಾಲ್ಕಾರು. ಎಲ್ಲಕ್ಕಿಂತ ಗಟ್ಟಿ ರಟ್ಟಿನವು ಮಾಸ್ಕೋದಲ್ಲಿ ಅಚ್ಚಾಗಿ ನವಕರ್ನಾಟಕದ ಮಳಿಗೆಯಿಂದ ಬಂದ ರಷ್ಯನ್ ಪುಸ್ತಕಗಳು. ಕನ್ನಡ ಸ್ವಲ್ಪ ಒರಟು, ಕಾಗದ ಮಾತ್ರ ಮಕ್ಕಳು ಕಚ್ಚಿದರೂ ಹರಿಯದ್ದು.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ರಿಪೇರಿ ಕೆಲಸ. ಆಯಮ್ಮ ಸ್ಟೌವಿನ ಮೇಲೆ ಮೈದಾ ಅಂಟು ಕಾಯಿಸುತ್ತಿದ್ದಳು. ಹುಳ ಹಿಡಿಯದಿರಲಿ ಎಂದು ಬೈಂಡರುಗಳು ಹಾಕುವ ಮೈಲುತುತ್ತ ಮಾತ್ರ ನಮ್ಮಲ್ಲಿ ನಿಷಿದ್ಧ, ಮಕ್ಕಳು ಬೆರಳು ನೆಕ್ಕುತ್ತವೆ. ದೊಡ್ಡ ಮಿಸ್ ಬಿಳಿ ಹಾಳೆಯನ್ನು ಸಾಲಿನ ಅಳತೆಗೆ ಸಣ್ಣ ಸಣ್ಣ ಚೀಟಿಯಾಗಿ ಕತ್ತರಿಸಿ, ದುಂಡಗಿನ ಅಕ್ಷರದಲ್ಲಿ ಹೊಸ ಮಾತು ಬರೆದು ಹಳೆಯದರ ಮೇಲೆ ಅಂಟಿಸುತ್ತಿದ್ದರು. ಕಪ್ಪಗಿದ್ದ ರಾಕ್ಷಸ ಎತ್ತರವಾಗಿದ್ದ ರಾಕ್ಷಸನಾದ. ಬೆಳ್ಳಗಿನ ರಾಜಕುಮಾರಿ ಜಾಣೆ ರಾಜಕುಮಾರಿಯಾದಳು. ಕುರೂಪಿ ಮುದುಕಿಯರೆಲ್ಲ ಬರೀ ಮುದುಕಿಯರಾದರು. ನಮ್ಮಲ್ಲೊಂದು ಮಗು ಮಲತಾಯಿಯ ಹತ್ತಿರ ಬೆಳೆಯುತ್ತಿತ್ತು, ಆಕೆ ಪಾಪ ದಿನಾ ಎರಡು ಜಡೆ ಹೆಣೆದು ಕನಕಾಂಬರ ಮುಡಿಸಿ ಕಳಿಸುವವಳು. ಆದ್ದರಿಂದ ಕಥೆಗಳ ದುಷ್ಟ ಮಲತಾಯಂದಿರೆಲ್ಲ ಪಕ್ಕದ ಮನೆಯವರಾದರು. ಪಕ್ಕದ ಮನೆಯವರ ಗತಿ ಏನು ಎಂದು ನಾನು ಕೇಳಿದೆ. "ಅವರು ಸುಧಾರಿಸಿಕೊಳ್ತಾರೆ ಬಿಡು" ಎಂದರು.

ಚಿತ್ರಗಳಿಗೆ ಪೋಸ್ಟರ್ ಕಲರು, ಇಂಡಿಯನ್ ಇಂಕು. ಒಂದು ಪುಸ್ತಕದಲ್ಲಿ ಅಮ್ಮ ಈಳಿಗೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು, ಅಪ್ಪ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ. ದೊಡ್ಡ ಮಿಸ್ ಅಮ್ಮನಿಗೆ ಮೀಸೆ ಬರೆದರು, ಸೀರೆಯನ್ನು ಬಿಳಿ ಬಳಿದು ಪಂಚೆ ಮಾಡಿದರು. ಕುರ್ಚಿಯಲ್ಲಿದ್ದ ಅಪ್ಪನಿಗೆ ಜಡೆ, ಕುಂಕುಮ ಇಟ್ಟರು. ಸೋಮವಾರ ನಾನು ಅದನ್ನು ಮಕ್ಕಳ ಮುಂದೆ ಹಿಡಿದೆ. ಪುಟ ತಿರುಗಿಸುವಷ್ಟರಲ್ಲಿ ಹೋಟೆಲಿನವರ ಮಗಳು ಎದ್ದು ನಿಂತಳು: "ಮಿಸ್, ಅಪ್ಪಂಗೆ ಬಳೆ ಐತೆ!" ಹೌದು, ಬಳೆ ಮರೆತುಹೋಗಿತ್ತು. ಜಮಖಾನ ಪೂರ್ತಿ ಉರುಳಾಡಿ ನಕ್ಕಿತು. ನಗು ನಿಂತ ಮೇಲೆ ಅವಳೇ ಇನ್ನೊಂದು ಮಾತು ಸೇರಿಸಿದಳು: "ನಮ್ಮ ಹೋಟೆಲಲ್ಲಿ ಕಾಯಿ ತುರಿಯೋದು ಭಟ್ರೇ. ಅವ್ರಿಗೆ ಮೀಸೆ ಇಲ್ಲ." ಟೈಲರ್ ಸಾಹೇಬರ ಅವಳಿಗಳು ಹಬ್ಬದ ದಿನ ತಮ್ಮ ಅಬ್ಬಾನೇ ಬಿರಿಯಾನಿ ಮಾಡುವುದು ಎಂದರು, ಒಬ್ಬ ಹೇಳಿದ್ದನ್ನು ಇನ್ನೊಬ್ಬ ಇನ್ನೊಮ್ಮೆ ಹೇಳಿದ.

ಅಲ್ಲಿಗೆ ನನಗೊಂದು ವಿಷಯ ಕಣ್ಣಿಗೆ ಹೊಡೆಯಿತು. ಊರಿನ ಹೋಟೆಲುಗಳಲ್ಲಿ, ಮದುವೆ ಛತ್ರಗಳಲ್ಲಿ, ಮಠದ ದಾಸೋಹದಲ್ಲಿ ಕಾಯಿ ತುರಿಯುವವರು, ಸಾರು ಕುದಿಸುವವರು ಗಂಡಸರೇ. ಮಕ್ಕಳು ದಿನಾ ನೋಡುತ್ತಿದ್ದರು. ಕೂಲಿ ಕೊಡುವ ಕಡೆ ಅಡುಗೆ ಗಂಡಸಿನ ಕೆಲಸ, ಕೂಲಿ ಇಲ್ಲದ ಕಡೆ ಹೆಂಗಸಿನದು. ಇದನ್ನು ಯಾವ ಪುಸ್ತಕವೂ ಬರೆದಿರಲಿಲ್ಲ, ದೊಡ್ಡ ಮಿಸ್ಸಿನ ಚೀಟಿಗಳೂ ಬರೆದಿರಲಿಲ್ಲ. ಮೀಸೆ ಬರೆಯುವ ಅಗತ್ಯವೇ ಇರಲಿಲ್ಲ, ಭಟ್ಟರ ಚಿತ್ರ ಬರೆದಿದ್ದರೆ ಸಾಕಾಗಿತ್ತು.

ಚೀಟಿಗಳ ಕಥೆ ಬೇರೆಯೇ ಆಯಿತು. ಮೈದಾ ಅಂಟು ಒಣಗಿದ ಮೇಲೆ ತುದಿಯಲ್ಲಿ ಎದ್ದುಕೊಳ್ಳುತ್ತದೆ. ಮಕ್ಕಳು ಬೆರಳಿಗೆ ಎಂಜಲು ಹಚ್ಚಿ ಆ ತುದಿ ಉಜ್ಜುವುದನ್ನು ಕಲಿತವು. ಪುಸ್ತಕ ಕೊಟ್ಟರೆ ಮೊದಲು ಚೀಟಿ ಎಲ್ಲಿದೆ ಎಂದು ಹುಡುಕುವುದು. "ಒಳಗಡೆ ಏನೋ ಐತೆ ಮಿಸ್!" ಅಂಟಿಸದೆ ಬಿಟ್ಟಿದ್ದರೆ ಆ ಸಾಲಿನ ಕಡೆ ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಈಗ ಮುಚ್ಚಿಟ್ಟಿದ್ದರಿಂದ ಅದೇ ಪುಸ್ತಕದ ಮುಖ್ಯ ಸಾಲಾಯಿತು. ಓದು ಬರುತ್ತಿದ್ದುದು ಹೋಟೆಲಿನವರ ಮಗಳೊಬ್ಬಳಿಗೆ, ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಬೋರ್ಡು ನೋಡಿ ಕಲಿತದ್ದು. ಅವಳು ಕಾಗುಣಿತ ಕೂಡಿಸಿ ಒಳಗಿನದನ್ನು ಓದಿ ಹೇಳುವಳು.

"ಮಿಸ್, ಕಪ್ಪಗಿದ್ದ ಅಂತ ಇತ್ತು. ಯಾಕೆ ಮುಚ್ಚಿದ್ದು?"

ನಾನು ಉತ್ತರ ಹುಡುಕುವಷ್ಟರಲ್ಲಿ ಜಮಖಾನದ ಮೇಲೆ ಚರ್ಚೆ ಶುರುವಾಗಿತ್ತು. ಕಪ್ಪು ಅನ್ನೋದು ಬೈಗುಳ ಎಂದು ಒಬ್ಬ. ನಮ್ಮಪ್ಪ ಕಪ್ಪಗವ್ರೆ ಎಂದು ಇನ್ನೊಬ್ಬ. ಹಂಗಾರೆ ನಿಮ್ಮಪ್ಪ ರಾಕ್ಷಸಾನಾ ಎಂದು ಮೊದಲಿನವನು, ಅದಕ್ಕೊಂದು ಗುದ್ದು ಬಿತ್ತು. ಅವರನ್ನು ಬಿಡಿಸುತ್ತಿರುವಾಗ ಸುಮ್ಮನೆ ಮೂಲೆಯಲ್ಲಿ ಕೂತಿದ್ದ ಹುಡುಗಿಯೊಂದು "ರಾಕ್ಷಸನ ಅಮ್ಮ ಯಾವ ಬಣ್ಣ?" ಎಂದು ಕೇಳಿತು. ಎಲ್ಲರೂ ಸುಮ್ಮನಾದರು. ರಾಕ್ಷಸನಿಗೂ ಅಮ್ಮ ಇರುತ್ತಾಳೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಆಮೇಲೆ ಒಂದು ವಾರ ರಾಕ್ಷಸನ ಅಮ್ಮನ ಚಿತ್ರಗಳೇ. ಹಸಿರು, ನೇರಳೆ, ಪಟ್ಟೆಪಟ್ಟೆ. ಒಂದರಲ್ಲಿ ಅವಳು ಮಗನಿಗೆ ಡಬ್ಬಿ ಕಟ್ಟುತ್ತಿದ್ದಳು.

ಪುಸ್ತಕದಿಂದ ಮಕ್ಕಳ ಮನಸ್ಸಿನ ಅಚ್ಚು ಮುರಿಯುವುದು ಎಂದರೆ ನನ್ನ ಮಟ್ಟಿಗೆ ಇವತ್ತಿಗೂ ಅದೇ. ತಪ್ಪು ಸಾಲಿನ ಜಾಗದಲ್ಲಿ ಸರಿ ಸಾಲು ಇಟ್ಟದ್ದರಿಂದ ಆದದ್ದಲ್ಲ. ಎರಡನ್ನೂ ಒಟ್ಟಿಗೆ ನೋಡಿ, ಯಾರೋ ದೊಡ್ಡವರು ಇದನ್ನು ಮುಚ್ಚಿದ್ದಾರೆ, ಯಾಕಿರಬಹುದು ಎಂದು ಅವು ಜಗಳ ಆಡಿದ್ದರಿಂದ ಆದದ್ದು. ದೊಡ್ಡ ಮಿಸ್ಸಿಗೆ ಇದನ್ನು ಹೇಳಲು ಹೋದೆ. ಅವರಿಗೆ ಕಂಡದ್ದು ಹರಿದ ಚೀಟಿಗಳು ಮಾತ್ರ. ಮುಂದಿನ ಶನಿವಾರ ಮೈದಾ ಅಂಟಿನ ಬದಲು ಫೆವಿಕಾಲ್ ತರಿಸಿದರು. ತಟ್ಟಿಯ ಈಚೆ, ನನ್ನ ಕಡೆಯ ಪುಸ್ತಕಗಳಿಗೆ ನಾನು ಮೈದಾನೇ ಮುಂದುವರಿಸಿದೆ.

ರಷ್ಯನ್ ಪುಸ್ತಕವೊಂದಕ್ಕೆ ಮಾತ್ರ ಅವರು ಕೈ ಹಚ್ಚಿರಲಿಲ್ಲ. ಅದರಲ್ಲಿ ತಲೆಗೆ ಸ್ಕಾರ್ಫು ಕಟ್ಟಿದ ಅಮ್ಮ ಕ್ರೇನ್ ನಡೆಸುತ್ತಾಳೆ. ಕಥೆ ಅದರ ಬಗ್ಗೆ ಅಲ್ಲವೇ ಅಲ್ಲ, ಕಥೆ ಕಳೆದುಹೋದ ನಾಯಿಮರಿಯದ್ದು. ಅಮ್ಮ ಮೇಲಿಂದ ನೋಡಿ ನಾಯಿಮರಿ ಎಲ್ಲಿದೆ ಎಂದು ಹೇಳುತ್ತಾಳೆ, ಅಷ್ಟೇ ಅವಳ ಪಾತ್ರ. ಹೆಂಗಸು ಕ್ರೇನ್ ಓಡಿಸುವುದುಂಟೇ ಎಂದು ನಮ್ಮ ಮಕ್ಕಳು ಯಾರೂ ಕೇಳಲಿಲ್ಲ. ಕ್ರೇನ್ ಅಂದರೆ ಏನು, ಅಷ್ಟೆತ್ತರದಿಂದ ಉಚ್ಚೆ ಬಂದರೆ ಏನು ಮಾಡುವುದು ಎಂದು ಕೇಳಿದವು. ಸ್ವಲ್ಪ ದಿನ ಕಳೆದು ಮರದ ಬ್ಲಾಕಿನಾಟದಲ್ಲಿ ಒಂದು ಹುಡುಗಿ ಟವಲು ತಲೆಗೆ ಕಟ್ಟಿಕೊಂಡು ಬೆಂಚಿನ ಮೇಲೆ ನಿಂತಿದ್ದಳು, ಕೆಳಗಿನ ಹುಡುಗರು "ಅಮ್ಮಾ, ಇನ್ನೊಂದ್ ಚೂರ್ ಈಕಡೆ" ಎನ್ನುತ್ತಿದ್ದರು. 1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಮುಳುಗಿಹೋಯಿತು, ಆ ಪುಸ್ತಕಗಳು ಬರುವುದೂ ನಿಂತಿತು. ಹಾಸನದ ಕಡೆಯ ಜಮಖಾನವೊಂದರ ಮೇಲೆ ಕ್ರೇನಿನ ಅಮ್ಮ ಇನ್ನೂ ಡ್ಯೂಟಿಯಲ್ಲಿದ್ದಳು.

ವಾರ್ಷಿಕೋತ್ಸವದ ನಾಟಕದ ವಿಷಯ ಹೇಳಬೇಕು. ಆಯಮ್ಮನ ಮೊಮ್ಮಗ ಒಳ್ಳೆ ಕಪ್ಪು ಬಣ್ಣದ, ಮೈಕೈ ತುಂಬಿಕೊಂಡ ಹುಡುಗ. ಅಂಗಳದಲ್ಲಿ ಮಕ್ಕಳೇ ಆಡುವ ಆಟದಲ್ಲಿ ಯಾವಾಗಲೂ ರಾಕ್ಷಸ ಅವನೇ. ಯಾರೂ ಹೇಳಬೇಕಾಗಿರಲಿಲ್ಲ, ಅಮರ ಚಿತ್ರ ಕಥೆಯ ಪುಟಗಳಲ್ಲಿ ಅಸುರರಿಗೆ ಬಳಿದ ಕಂದು ಬಣ್ಣ ನೋಡಿ ಮಕ್ಕಳೇ ಪಾತ್ರ ಹಂಚಿದ್ದವು. ದೊಡ್ಡ ಮಿಸ್ಸಿಗೆ ಅದು ಕಂಡು ಹೊಟ್ಟೆಗೆ ಕಿಚ್ಚು ಬಿದ್ದಂತಾಯಿತು. "ಈ ಸಲ ರಾಜಕುಮಾರ ಇವನೇ" ಎಂದು ಘೋಷಿಸಿದರು. ತಹಸೀಲ್ದಾರರ ಮಗನಿಗೆ ರಾಕ್ಷಸನ ಪಾರ್ಟು. ಅವನು ಕುಣಿದಾಡಿದ.

ರಿಹರ್ಸಲಿನ ಎರಡನೇ ದಿನವೇ ರಾಜಕುಮಾರ ಅಳುತ್ತ ಕೂತ. ಜರಿ ಪೇಟ, ರಟ್ಟಿನ ಕತ್ತಿ ಎಲ್ಲ ಇತ್ತು. "ರಾಜಕುಮಾರಂಗೆ ಏನೂ ಕೆಲ್ಸಾನೇ ಇಲ್ಲ ಮಿಸ್" ಎಂದ. ನಿಜ. ನಮ್ಮ ಕಥೆಗಳ ರಾಜಕುಮಾರರು ನಿಂತಿರುತ್ತಾರೆ, ಕೊನೆಗೊಮ್ಮೆ ಕತ್ತಿ ಎತ್ತುತ್ತಾರೆ. ಓಡುವುದು, ಅರಚುವುದು, ಬಂಡೆ ಎಸೆಯುವುದು, ಗಂಡಾಂತರ ತರುವುದು ಎಲ್ಲ ರಾಕ್ಷಸನದು. ಆಯಮ್ಮನೂ ಬಂದು ಹೇಳಿದಳು: "ಬುಡಿ ದೊಡ್ಡವ್ವಾರೆ, ಅವ್ನಿಗೆ ಅರಚೋದೇ ಇಷ್ಟ." ದೊಡ್ಡ ಮಿಸ್ ಒಪ್ಪಲಿಲ್ಲ. ಹಿಂದಿನ ವರ್ಷ ಆ ಹುಡುಗ ರಾಕ್ಷಸನಾಗಿ ಸ್ಟೇಜಿಗೆ ಬಂದಾಗ ಮುಂದಿನ ಸಾಲಿನ ದೊಡ್ಡ ಮನುಷ್ಯರು "ಹೇಳಿ ಮಾಡಿಸಿದಂಗೈತೆ" ಎಂದು ನಕ್ಕಿದ್ದನ್ನು ಅವರು ಕೇಳಿಸಿಕೊಂಡಿದ್ದರು. ಹುಡುಗನ ಬಗ್ಗೆ ಆಯಮ್ಮ ಹೇಳಿದ್ದು ಸರಿ, ಆ ಮುಂದಿನ ಸಾಲಿನ ಬಗ್ಗೆ ದೊಡ್ಡ ಮಿಸ್ ಹೇಳಿದ್ದು ಸರಿ. ಕೊನೆಗೆ ನಾಟಕದ ದಿನ ರಾಜಕುಮಾರ ತಾನೇ ನ್ಯಾಯ ಮಾಡಿಕೊಂಡ. ರಾಕ್ಷಸ ಬಂದು ತೆಳ್ಳನೆಯ ದನಿಯಲ್ಲಿ ಗರ್ಜಿಸಿದ್ದೇ ತಡ, ಪೇಟ ಕಿತ್ತೆಸೆದು ರಾಕ್ಷಸನಿಗಿಂತ ನಾಲ್ಕು ಪಟ್ಟು ಜೋರಾಗಿ ಗರ್ಜಿಸಿದ. ರಾಕ್ಷಸ ಅಳುತ್ತ ಸೈಡ್ ವಿಂಗಿಗೆ ಓಡಿದ. ಮುಂದಿನ ಸಾಲಿನವರಿಗೆ ಯಾವಾಗ ನಗಬೇಕು ಎಂದು ತಿಳಿಯಲಿಲ್ಲ.

ಮಧ್ಯಾಹ್ನ ಮಕ್ಕಳನ್ನು ಮಲಗಿಸುವಾಗ ಆಯಮ್ಮ ಕಥೆ ಹೇಳುತ್ತಿದ್ದಳು. ಅವಳ ಕಥೆಗಳಲ್ಲಿ ರಾಜಕುಮಾರಿಯ ಬಣ್ಣದ ಮಾತೇ ಬರುತ್ತಿರಲಿಲ್ಲ. ಗಂಡನನ್ನು ಗುಣ ಮಾಡಲು ಊರೂರು ಅಲೆಯುವವಳು, ಅತ್ತೆಗೆ ಬುದ್ಧಿ ಕಲಿಸುವವಳು, ಕಳ್ಳರ ಮೂಗು ಕೊಯ್ಯುವವಳು, ಇಂಥವರೇ. ಬಹಳ ವರ್ಷದ ಮೇಲೆ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಕಥೆಗಳ ಇಂಗ್ಲಿಷ್ ಪುಸ್ತಕ, ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದದ್ದು, ನನ್ನ ಕೈಗೆ ಸಿಕ್ಕಿತು. ಹೆಂಗಸರು ಹೇಳುವ ಕಥೆಗಳ ಲೋಕವೇ ಬೇರೆ ಎಂದು ಅವರು ತೋರಿಸಿದ್ದನ್ನು ಓದುವಾಗ ಆಯಮ್ಮ ಸೆರಗಿನಿಂದ ನೊಣ ಓಡಿಸುತ್ತ ಹೇಳುತ್ತಿದ್ದುದು ಕಿವಿಗೆ ಬಂತು. ನಾವು ತಟ್ಟಿಯ ಈಚೆ ಕತ್ತರಿ, ಅಂಟು ಹಿಡಿದು ಹೆಣಗಾಡುತ್ತಿದ್ದೆವು. ಆಚೆ ಚೀಟಿ ಅಂಟಿಸಬೇಕಿಲ್ಲದ ಕಥೆಗಳು ಮಕ್ಕಳ ಜೊತೆ ನಿದ್ದೆ ಹೋಗುತ್ತಿದ್ದವು. ಅವನ್ನು ಬರೆದಿಟ್ಟುಕೊಳ್ಳೋಣ ಎಂದು ದೊಡ್ಡ ಮಿಸ್ಸಿಗೆ ಅನ್ನಿಸಲಿಲ್ಲ. ಆಯಮ್ಮನ ಭಾಷೆ ಮಕ್ಕಳಿಗೆ ಅಂಟೀತು ಎಂಬ ಭಯ ಬೇರೆ ಅವರಿಗಿತ್ತು.

ಇಲ್ಲಿಗೆ ಬಂದು ದೊಡ್ಡ ಮಿಸ್ಸಿನ ಬಗ್ಗೆ ಬರೆಯುವುದು ಕಷ್ಟವಾಗುತ್ತದೆ. ಹೆಣ್ಣು-ಗಂಡು, ಕಪ್ಪು-ಬಿಳುಪು ಕಂಡ ಅವರ ಕಣ್ಣಿಗೆ ತಟ್ಟೆ ಕಾಣಲಿಲ್ಲ. ನಮ್ಮ ಟ್ರಂಕಿನ ಯಾವ ಪುಸ್ತಕ ತೆಗೆದರೂ ಊಟದ ಚಿತ್ರ ಒಂದೇ: ಬಾಳೆ ಎಲೆ, ಅನ್ನ, ಸಾರು, ಹಪ್ಪಳ, ಪಕ್ಕದಲ್ಲಿ ಲಾಡು. ಆಯಮ್ಮನ ಬೀದಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಅದನ್ನು ತುಂಬ ಹೊತ್ತು ನೋಡಿ, "ಇವ್ರು ದಿನಾ ಹಬ್ಬ ಮಾಡ್ತಾರಾ ಮಿಸ್?" ಎಂದು ಕೇಳಿದ್ದಳು. ಜೂನ್ ತಿಂಗಳಲ್ಲಿ ತಾಯಂದಿರಿಗೆ ಕೊಡುವ ಸೂಚನೆಯ ಹಾಳೆಯಲ್ಲಿ, ಕರ್ಚೀಫು ಪಿನ್ನು ಹಾಕಿ ಕಳಿಸಿ ಎಂಬುದರ ಕೆಳಗೆ, ಡಬ್ಬಿಗೆ ಮೊಟ್ಟೆ-ಮಾಂಸ ಕಳಿಸಬಾರದು ಎಂದಿತ್ತು. ಕೆಳಗೆ ದೊಡ್ಡ ಮಿಸ್ಸಿನ ಸಹಿ, ಅದೇ ದುಂಡಗಿನ ಅಕ್ಷರ.

ಸೋಮವಾರ ಬೆಳಿಗ್ಗೆ ಮಕ್ಕಳನ್ನು ಸುತ್ತ ಕೂರಿಸಿ "ನಿನ್ನೆ ಏನು ಊಟ ಮಾಡಿದ್ರಿ?" ಎಂದು ಕೇಳುವ ಪದ್ಧತಿ ಇತ್ತು. ಎಲ್ಲರೂ ಅನ್ನ ಸಾರು ಎನ್ನುತ್ತಿದ್ದರು. ಭಾನುವಾರದ ಕೋಳಿಯ ಮೂಳೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದ ಹುಡುಗನೂ ಅನ್ನ ಸಾರು ಎಂದ. ಮುದ್ದೆ ಕೂಡ ಬಾಯಿಂದ ಬರುತ್ತಿರಲಿಲ್ಲ, ಮುದ್ದೆಗೆ ಯಾರ ಆಕ್ಷೇಪವೂ ಇಲ್ಲದಿದ್ದರೂ. ನಾಲ್ಕು ವರ್ಷಕ್ಕೇ ಅವಕ್ಕೆ ಪುಸ್ತಕದಲ್ಲಿ ಬರುವ ಊಟ ಯಾವುದು, ಬಾಯಿಬಿಡಬಾರದ ಊಟ ಯಾವುದು ಎಂದು ಗೊತ್ತಾಗಿತ್ತು. ಯಾರೂ ಗದರಿಸಿ ಕಲಿಸಿದ್ದಲ್ಲ. ದೊಡ್ಡ ಮಿಸ್ಸಿಗೆ ಇದು ಕಾಣಲೇ ಇಲ್ಲವೋ, ಕಂಡರೂ ಸಮಿತಿಯವರು ಬಾಗಿಲು ಹಾಕಿಸಿಯಾರೆಂದು ಬಿಟ್ಟರೋ ಹೇಳಲಾರೆ. ಬಿಟ್ಟಿದ್ದರೆ ಅದಕ್ಕೆ ಕಾರಣವೂ ಇತ್ತು. ಆ ಶಿಶುವಿಹಾರ ಮುಚ್ಚಿದ್ದರೆ ಆಯಮ್ಮನ ಮೊಮ್ಮಗನಿಗೆ ಇನ್ನೊಂದು ಜಮಖಾನ ಇರಲಿಲ್ಲ. ಆದರೂ ಹೆಣ್ಣು-ಗಂಡಿನ ಮಾತು ಆಡುವುದು ನಮ್ಮಂಥವರಿಗೆ ಸುಲಭವಾಗಿತ್ತು, ತಟ್ಟೆಯ ಮಾತು ಆಡುವುದು ಸುಲಭವಾಗಿರಲಿಲ್ಲ ಎಂಬುದನ್ನು ಮುಚ್ಚಿಡಲಾಗುವುದಿಲ್ಲ. ಹೈದರಾಬಾದಿನ ಅನ್ವೇಷಿ ಸಂಸ್ಥೆಯವರು 2008ರಲ್ಲಿ ದಲಿತರ, ಮುಸ್ಲಿಮರ ಮನೆಗಳ ಕಥೆಗಳನ್ನು ಮಕ್ಕಳಿಗಾಗಿ ತೆಲುಗು, ಮಲಯಾಳ, ಇಂಗ್ಲಿಷಿನಲ್ಲಿ ತಂದರು. ಅದರಲ್ಲೊಂದು ಮಹಮ್ಮದ್ ಖದೀರ್ ಬಾಬು ಬರೆದ, ತಲೆಮಾಂಸದ ಸಾರಿನ ಕಥೆ. ಅದನ್ನು ಓದಿದಾಗ ನನಗೆ ಮೊದಲು ಕಣ್ಣಿಗೆ ಬಂದದ್ದು ಆ ಜೇಬಿನ ಮೂಳೆ.

ಸರ್ಕಾರಿ ಆರ್ಡರು ಬಂದು ನಾನು ಮೈಸೂರು ಕಡೆಯ ಹಳ್ಳಿಯ ಶಾಲೆಗೆ ಹೋದೆ. ಎಚ್.ಡಿ. ಕೋಟೆಯಲ್ಲಿ ತೊಂಬತ್ತರ ದಶಕದ ನಡುವೆ ಹುಟ್ಟಿದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಮುಂದೆ ರಾಜ್ಯವೆಲ್ಲ ಹರಡಿ, ಕಾರ್ಡು, ಏಣಿ, ತಟ್ಟೆ ಗುಂಪು ಎಂದು ನಮ್ಮ ದಿನಚರಿಯೇ ಬದಲಾಯಿತು. ಆ ವರ್ಷಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಒಂದು ಸಂಗತಿ ಮಾತ್ರ. ಒಂದನೇ ತರಗತಿಯವರಿಗೆ ರೈತನ ಚಿತ್ರ ಬರೆಯಿರಿ ಎಂದಿದ್ದೆ. ಬಂದ ಚಿತ್ರಗಳಲ್ಲೆಲ್ಲ ತಲೆಗೆ ಪೇಟ ಸುತ್ತಿದ, ಹೆಗಲಿಗೆ ನೇಗಿಲು ಹೊತ್ತ ಗಂಡಸು. ನಮ್ಮೂರಲ್ಲಿ ನೇಗಿಲು ಹೊರುವವರು ಯಾರೂ ಉಳಿದಿರಲಿಲ್ಲ, ಎಲ್ಲ ಟ್ರ್ಯಾಕ್ಟರು. ಕಿಟಕಿಯಿಂದ ಆಚೆ ಬಗ್ಗಿದರೆ ಅದೇ ಹೊತ್ತಿನಲ್ಲಿ ಗದ್ದೆಯಲ್ಲಿ ಈ ಮಕ್ಕಳ ಅಮ್ಮಂದಿರು ಸಾಲಾಗಿ ನಾಟಿ ಹಾಕುತ್ತಿದ್ದರು. ಮಕ್ಕಳು ಬರೆದದ್ದು ಗೋಡೆಯ ಚಾರ್ಟಿನ ರೈತನನ್ನು. "ನಿಮ್ಮಮ್ಮ ಏನು ಮಾಡ್ತಾರೆ?" ಎಂದು ಕೇಳಿದೆ. "ಮನೇಲಿರ್ತಾರೆ ಮಿಸ್" ಎಂದ ಹುಡುಗನ ಅಮ್ಮ ಆ ಸಾಲಿನಲ್ಲಿ ಎರಡನೆಯವಳು.

ಇದು ನಮ್ಮೂರಿನ ಕಾಯಿಲೆ ಮಾತ್ರವಲ್ಲ. ಡೇವಿಡ್ ಚೇಂಬರ್ಸ್ ಎಂಬ ಸಂಶೋಧಕ ವಿಜ್ಞಾನಿಯ ಚಿತ್ರ ಬರೆಯಿರೆಂದು ಮಕ್ಕಳನ್ನು ಕೇಳಿ, ಬಂದದ್ದನ್ನು 1983ರಲ್ಲಿ ಪ್ರಕಟಿಸಿದ. 4,807 ಮಕ್ಕಳ ಚಿತ್ರಗಳಲ್ಲಿ ವಿಜ್ಞಾನಿ ಹೆಂಗಸಾಗಿದ್ದುದು 28ರಲ್ಲಿ, ಅಷ್ಟನ್ನೂ ಬರೆದವರು ಹುಡುಗಿಯರೇ. ಆದರೆ ವಿಜ್ಞಾನಿಯನ್ನು ಆ ಮಕ್ಕಳು ಕಣ್ಣಾರೆ ನೋಡಿರಲಿಕ್ಕಿಲ್ಲ, ಚಿತ್ರ ನಂಬಿದ್ದಕ್ಕೆ ಒಂದು ಸಬೂಬು ಇದೆ. ನಮ್ಮ ಮಕ್ಕಳು ಅಮ್ಮನ ಕಾಲಿನ ಕೆಸರು ತೊಳೆಯಲು ನೀರು ಹೊಯ್ದು, ಶಾಲೆಗೆ ಬಂದು ಪೇಟದ ಗಂಡಸನ್ನು ಬರೆಯುತ್ತಿದ್ದವು. ಅಚ್ಚಾದದ್ದು ಕಂಡದ್ದನ್ನೂ ಮರೆಸುತ್ತದೆ. ಚಾರ್ಟು ಕಿತ್ತುಹಾಕಿದೆ, ಆ ಜಾಗದಲ್ಲಿ ಮಕ್ಕಳನ್ನು ಗದ್ದೆಗೆ ಕರೆದುಕೊಂಡು ಹೋಗಿ ಬರೆಸಿದ ಚಿತ್ರ ತೂಗುಹಾಕಿದೆ. ಇನ್ಸ್ಪೆಕ್ಷನ್ನಿಗೆ ಬಂದವರು "ರೈತ ಎಲ್ಲಿ?" ಎಂದು ಕೇಳಿದರು.

ಈಗ ಪುಸ್ತಕಗಳಿಗೆ ಬರವಿಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ ಕನ್ನಡದಲ್ಲೂ ಚಿತ್ರಪುಸ್ತಕ ತರುತ್ತಾರೆ. ಪ್ರಥಮ್ ಬುಕ್ಸಿನವು 2015ರಿಂದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ, ಶನಿವಾರ ನಾವೇ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ರಾಜೀವ್ ಐಪ್ ಬರೆದು ಚಿತ್ರಿಸಿದ ಅಮ್ಮಚ್ಚಿಯ ಪುಸ್ತಕ ನನಗೆ ಬಹಳ ಇಷ್ಟ. ಕೊಬ್ಬರಿ ಬರ್ಫಿ ಮಾಡಲು ಹೊರಟ ಅಜ್ಜಿ, ಮೊಮ್ಮಗ ಸೂರಜನ ಜೊತೆ ರಾಟೆ, ಸನ್ನೆಕೋಲುಗಳನ್ನು ಜೋಡಿಸಿ ಯಂತ್ರ ಕಟ್ಟುತ್ತಾಳೆ. ಅಜ್ಜಿಯೊಬ್ಬಳು ಯಂತ್ರ ಕಟ್ಟುತ್ತಾಳಲ್ಲ ಎಂದು ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಕ್ರೇನಿನ ಅಮ್ಮನ ಬಂಧು ಅವಳು. ಓದಿದ ಮಾರನೇ ದಿನ ಎರಡನೇ ತರಗತಿಯ ಹುಡುಗನೊಬ್ಬ ತನ್ನ ಅಜ್ಜಿ ಪಂಪ್‌ಸೆಟ್ಟಿನ ಫುಟ್‌ವಾಲ್ವು ಬಿಚ್ಚಿ ಕಸ ತೆಗೆಯುವುದನ್ನು ಇಡೀ ಕ್ಲಾಸಿಗೆ ಅಭಿನಯಿಸಿ ತೋರಿಸಿದ. ಅಷ್ಟು ದಿನ ಅದು ಹೇಳಬೇಕಾದ ವಿಷಯ ಎಂದು ಅವನಿಗೆ ಅನ್ನಿಸಿರಲಿಲ್ಲ.

ಎಲ್ಲ ಹೊಸ ಪುಸ್ತಕಗಳೂ ಹೀಗಿಲ್ಲ. ಎಷ್ಟೋ ಪುಸ್ತಕಗಳ ಕೊನೆಯ ಪುಟದಲ್ಲಿ ದೊಡ್ಡ ಮಿಸ್ಸಿನ ಫೆವಿಕಾಲ್ ವಾಸನೆ ಬರುತ್ತದೆ. ಹುಡುಗಿಯರು ಮರ ಹತ್ತುತ್ತಾರೆ, ಕುಸ್ತಿ ಆಡುತ್ತಾರೆ, ರಾಕೆಟ್ಟಿನಲ್ಲಿ ಹೋಗುತ್ತಾರೆ, ಸಂತೋಷ. ಹುಡುಗರು ಮಾತ್ರ ಇದ್ದಲ್ಲೇ ಇದ್ದಾರೆ. ಗೊಂಬೆಗೆ ಜಡೆ ಹಾಕುವ, ಕತ್ತಲೆಗೆ ಹೆದರುವ, ತಂಗಿಗೆ ಅನ್ನ ಕಲಸಿ ತಿನ್ನಿಸುವ ಹುಡುಗನ ಪುಸ್ತಕ ಹುಡುಕಿಕೊಂಡು ಹೋಗಬೇಕು. ನಮ್ಮ ಶಾಲೆಯಲ್ಲಿ ತಂಗಿಯನ್ನು ಸೊಂಟದಲ್ಲಿ ಹೊತ್ತು ಬರುವ ಹುಡುಗರು ಬೇಕಾದಷ್ಟಿದ್ದಾರೆ.

ಜಾಯ್ ವಿಟೇಕರ್ ಬರೆದು ತೂಲಿಕಾ ತಂದ ಕಾಳಿ ಎಂಬ ಇರುಳ ಬುಡಕಟ್ಟಿನ ಹುಡುಗನ ಕಥೆಯನ್ನೂ ಓದಿದೆವು. ಅಪ್ಪ ಹಾವು ಹಿಡಿಯುವವನು, ಹುಡುಗನಿಗೆ ಇಷ್ಟದ ತಿಂಡಿ ಹುರಿದ ಗೆದ್ದಲು. ಶಾಲೆಯಲ್ಲಿ ಯಾರೂ ಅವನ ಹತ್ತಿರ ಸೇರುವುದಿಲ್ಲ. ಒಂದು ದಿನ ತರಗತಿಗೆ ಕೇರೆಹಾವು ಬರುತ್ತದೆ, ಕಾಳಿ ಹಿಡಿಯುತ್ತಾನೆ, ಎಲ್ಲರಿಗೂ ಬೇಕಾದವನಾಗುತ್ತಾನೆ. ತಟ್ಟೆಯನ್ನು ಮುಚ್ಚಿಡದ ಪುಸ್ತಕ, ಮಕ್ಕಳು ಗೆದ್ದಲಿನ ರುಚಿಯ ಬಗ್ಗೆ ಬಿಡದೆ ಮಾತಾಡಿದರು. ಮಳೆಗಾಲದ ಈಚಲು ಹುಳ ಹುರಿದು ತಿನ್ನುವುದು ತಮ್ಮ ಮನೆಯಲ್ಲೂ ಉಂಟು ಎಂದು ಇಬ್ಬರು ಕೈ ಎತ್ತಿದರು, ಯಾರೂ ಛೀ ಅನ್ನಲಿಲ್ಲ. ಗಲಾಟೆ ತಣ್ಣಗಾದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಹಾವು ಬರದೇ ಇದ್ದಿದ್ರೆ?"

ಆ ಪ್ರಶ್ನೆಯನ್ನು ನಾನು ಹೋದಲ್ಲೆಲ್ಲ ಹೇಳುತ್ತಿರುತ್ತೇನೆ. ಹೋದ ವರ್ಷ ಒಂದು ಕಮ್ಮಟದಲ್ಲಿ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವ ಹುಡುಗನೊಬ್ಬ ಸಿಕ್ಕಿದ್ದ, ಅವನಿಗೂ ಹೇಳಿದೆ. ಹಾವೂ ಬೇಡ, ಸಾಹಸವೂ ಬೇಡ, ಒಂದು ಮನೆಯವರು ಸುಮ್ಮನೆ ಕೂತು ಮುದ್ದೆ, ಒಣಮೀನಿನ ಸಾರು ಉಣ್ಣುವ ಚಿತ್ರ ಬರೀಪ್ಪ ಎಂದೆ.

"ಬರೆದಿದ್ದೆ ಮೇಡಂ" ಎಂದ. "ಪ್ರಕಾಶಕರು ಬೇಡ ಅಂದ್ರು. ಪ್ರೈವೇಟ್ ಶಾಲೆಯವ್ರು ಆರ್ಡರ್ ಕೊಡಲ್ವಂತೆ. ಆಮೇಲೆ ಮೀನು ತೆಗೆದು ಮೊಟ್ಟೆ ಮಾಡ್ದೆ. ಸರ್ಕಾರನೇ ಬಿಸಿಯೂಟಕ್ಕೆ ಮೊಟ್ಟೆ ಕೊಡ್ತಲ್ಲಾ, ಅದನ್ನ ತೋರಿಸಿ ಒಪ್ಪಿಸ್ದೆ."

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆಯ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಎದ್ದ ಗದ್ದಲ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಮೊಬೈಲಿನಲ್ಲಿ ಆ ಪುಟ ತೆಗೆದು ತೋರಿಸಿದ. ಅಜ್ಜ, ಅಮ್ಮ, ಇಬ್ಬರು ಮಕ್ಕಳು, ಮೂಲೆಯ ತಟ್ಟೆಯಲ್ಲಿ ಅರ್ಧ ಸೀಳಿದ ಮೊಟ್ಟೆ. ತುಂಬ ಚಿಕ್ಕದಾಗಿ ಬರೆದಿದ್ದೀಯಲ್ಲಪ್ಪ ಎಂದೆ. "ಎರಡನೇ ಮುದ್ರಣದಲ್ಲಿ ದೊಡ್ಡದು ಮಾಡ್ತೀನಿ ಮೇಡಂ, ಮೊದಲನೇದು ಖರ್ಚಾಗ್ಲಿ" ಎಂದ. ನಮ್ಮ ಶಾಲೆಗೂ ಪಂಚಾಯತಿ ಗ್ರಂಥಾಲಯಕ್ಕೂ ಸೇರಿಸಿ ಹತ್ತು ಪ್ರತಿಗೆ ಅಲ್ಲೇ ದುಡ್ಡು ಕೊಟ್ಟೆ.